ಬಟ್ಟೆಗೆ ಹತ್ತಿದ ಜುಂಗು

ರಬಕವಿ-ಬನಹಟ್ಟಿಯ ಓಣಿಯಲ್ಲಿ ಪವರ್‌ಲೂಮ್ ಸದ್ದು ಕೇಳಿತೆಂದರೆ ಅಲ್ಲಿ ಅರಳೆ ಧೂಳು ಇದ್ದೇ ಇರುತ್ತದೆ. ಮಗ್ಗದ ಮನೆಯ ಜಂತಿ, ಫ್ಯಾನಿನ ರೆಕ್ಕೆ, ಮೂಲೆಯ ಜೇಡರ ಬಲೆ, ಎಲ್ಲಕ್ಕೂ ಬಿಳಿ ಜುಂಗು ಮೆತ್ತಿಕೊಂಡಿರುತ್ತದೆ. ಪಾಳಿ ಮುಗಿಸಿ ಹೊರಬಂದವರು ಕರಿ ಪ್ಯಾಂಟು ತೊಟ್ಟಿದ್ದರಂತೂ ಕೇಳುವುದೇ ಬೇಡ. ಮಗ್ಗವಿಲ್ಲದ ಮನೆಗಳಿಗೂ ಈ ಕಾಟ ತಪ್ಪಿದ್ದಲ್ಲ. ಟವೆಲ್ ಜೊತೆ ಒಗೆದ ಕಪ್ಪು ಅಂಗಿ, ನಾಲ್ಕು ತಿಂಗಳಲ್ಲೇ ಗುಂಡುಗಟ್ಟಿದ ಟಿ-ಶರ್ಟು ಯಾರ ಮನೆಯಲ್ಲಿಲ್ಲ?

ಕಾರಣ ನೂಲಿನಲ್ಲೇ ಇದೆ. ಹತ್ತಿಯ ಎಳೆಯ ಉದ್ದ ಸಾಮಾನ್ಯವಾಗಿ 2.5ರಿಂದ 3 ಸೆಂಟಿಮೀಟರ್. ಅಂಥ ಸಾವಿರಾರು ಗಿಡ್ಡ ಎಳೆಗಳನ್ನು ಹುರಿಗೊಳಿಸಿದರೆ ನೂಲಾಗುತ್ತದೆ. ಎಷ್ಟೇ ಹುರಿ ಕೊಟ್ಟರೂ ಕೆಲವು ತುದಿಗಳು ಹೊರಗೆ ಚಾಚಿಕೊಂಡೇ ಇರುತ್ತವೆ. ತಿಕ್ಕಾಟಕ್ಕೆ ಅವು ಮುರಿದು ಉದುರಿದರೆ ಜುಂಗು, ಉದುರದೆ ಒಂದಕ್ಕೊಂದು ಸುತ್ತಿಕೊಂಡರೆ ಗುಂಡು. ರೇಷ್ಮೆಯದು ಬೇರೆ ಲೆಕ್ಕ. ಗೂಡಿನಿಂದ ಬಿಚ್ಚಿದ ಎಳೆ ನೂರಾರು ಮೀಟರ್ ಕಡಿಯದೆ ಬರುತ್ತದೆ, ಹೊರಚಾಚಲು ತುದಿಗಳೇ ಕಡಿಮೆ. ಇದೇ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯಲ್ಲಿ ಎರಡನ್ನೂ ನೋಡಬಹುದು: ಹತ್ತಿಯ ಒಡಲು ಕಾಲ ಕಳೆದಂತೆ ನವಿರು ಜುಂಗು ಬಿಡುತ್ತದೆ, ರೇಷ್ಮೆಯ ಸೆರಗು ನುಣ್ಣಗೇ ಉಳಿಯುತ್ತದೆ.

ನೇಕಾರರಿಗೆ ಇದು ಹೊಸ ವಿಷಯವಲ್ಲ. ಹಾಸಿನ ನೂಲಿಗೆ ಗಂಜಿ ಹಚ್ಚುವುದೇ ಈ ತುದಿಗಳನ್ನು ಒತ್ತಿ ಕೂರಿಸಲು, ನೂಲಿಗೆ ಕಸುವು ಕೊಡಲು. ಕುರುಬರು ಕರಿ ಕಂಬಳಿ ನೇಯುವಾಗ ಉಣ್ಣೆಯ ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚುವುದೂ ಇದಕ್ಕೇ. ದೊಡ್ಡ ಗಿರಣಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಟ್ಟೆಯನ್ನು ಗ್ಯಾಸಿನ ಉರಿಯ ಮೇಲೆ ಸರ್ರನೆ ಹಾಯಿಸಿ ಜುಂಗನ್ನಷ್ಟೇ ಸುಡುತ್ತವೆ. ಮನೆಯಲ್ಲಿ ಅದನ್ನು ಮಾಡಹೋಗಬಾರದು! ಆದರೆ ಒಗೆದ ಹತ್ತಿ ಸೀರೆ, ಧೋತರಗಳನ್ನು ತೆಳು ಅನ್ನದ ಗಂಜಿಯಲ್ಲಿ ಅದ್ದಿ ತೆಗೆಯುವ ಅಜ್ಜಿಯರ ರೂಢಿಯನ್ನು ಬಿಡಬೇಕಾಗಿಲ್ಲ. ಇಸ್ತ್ರಿ ನೆಟ್ಟಗೆ ನಿಲ್ಲುವುದರ ಜೊತೆಗೆ ಜುಂಗೂ ಅಡಗುತ್ತದೆ.

ತೆಗೆಯುವ ಮುನ್ನ ಒಂದನ್ನು ಗಮನಿಸಬೇಕು. ಜುಂಗು ಹೊರಗಿನಿಂದ ಬಂದು ಅಂಟಿದ್ದೋ, ಆ ಬಟ್ಟೆಯದೇ ಮೈಯಿಂದ ಎದ್ದದ್ದೋ? ಬೆರಳಿನಿಂದ ಎಳೆದರೆ ಸಲೀಸಾಗಿ ಬಂದರೆ ಹೊರಗಿನದು. ಬಟ್ಟೆಯನ್ನೂ ಜಗ್ಗಿಕೊಂಡು ಬಂದರೆ ಅದು ಗುಂಡು. ಮದ್ದು ಎರಡಕ್ಕೂ ಬೇರೆ ಬೇರೆ.

ಹೊರಗಿನದಕ್ಕೆ ರಬ್ಬರಿನಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಸೈಕಲ್ ಟ್ಯೂಬಿನ ತುಂಡನ್ನು ತೊಳೆದು, ತುಸು ಒದ್ದೆ ಮಾಡಿ, ಒಂದೇ ದಿಕ್ಕಿಗೆ ಎಳೆದರೆ ಜುಂಗು ಸುರುಳಿ ಸುತ್ತಿ ಹೊರಬರುತ್ತದೆ. ಹಿಂದೆ ಮುಂದೆ ಉಜ್ಜಿದರೆ ಬಂದದ್ದೇ ಮತ್ತೆ ಒಳಸೇರುತ್ತದೆ. ಕರಿ ಟ್ಯೂಬಿನ ಬಣ್ಣ ಬಿಡುತ್ತದೆಯೇ ಎಂದು ಹಳೆಯ ಬಿಳಿ ಅರಿವೆಯ ಮೇಲೆ ಮೊದಲು ಪರೀಕ್ಷಿಸುವುದು ಮೇಲು. ಪಾತ್ರೆ ತೊಳೆಯುವ ರಬ್ಬರ್ ಕೈಗವಸಾದರೆ ಆ ಯೋಚನೆಯೂ ಇಲ್ಲ. ಮುಧೋಳ ನಾಯಿ ಸಾಕಿದವರಿಗೆ ಇದು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ಈ ತಳಿಯ ಕೂದಲು ಗಿಡ್ಡ, ನೆಟ್ಟಗಿನದು. ನೇಯ್ಗೆಯ ಸಂದಿನಲ್ಲಿ ನೆಟ್ಟುಕೊಂಡ ಕೂದಲನ್ನು ಒದ್ದೆ ರಬ್ಬರ್ ಹಿಡಿದೆತ್ತುತ್ತದೆ.

ಇನ್ನು ಅಂಟುಪಟ್ಟಿ. ಅಂಗಡಿಯಲ್ಲಿ ಸಿಗುವ ಲಿಂಟ್ ರೋಲರ್‌ನ ಮೂಲ, 1956ರಲ್ಲಿ ಅಮೆರಿಕದ ನಿಕೋಲಸ್ ಮೆಕೇ ರಟ್ಟಿನ ಕೊಳವೆಗೆ ಟೇಪನ್ನು ತಿರುವುಮುರುವಾಗಿ ಸುತ್ತಿದ್ದು. ಬನಹಟ್ಟಿಯಲ್ಲಿ ಕೊಳವೆಗೆ ಬರವೇ? ನೂಲು ಮುಗಿದ ಖಾಲಿ ಕೋನು ಮಗ್ಗದ ಮನೆಯಲ್ಲೆಲ್ಲ ಬಿದ್ದಿರುತ್ತದೆ. ಅದಕ್ಕೆ ಪ್ಯಾಕಿಂಗ್ ಟೇಪನ್ನು ಅಂಟು ಹೊರಗೆ ಬರುವಂತೆ ಸುತ್ತಿದರೆ ರೋಲರ್ ತಯಾರು. ಕೋನು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ನೇರ ಉರುಳದೆ ಅರ್ಧಚಂದ್ರ ಬಿಡಿಸುತ್ತದೆ. ಕೈಯನ್ನು ಅದರ ಜೊತೆ ತಿರುಗಿಸಬೇಕು, ಅಷ್ಟೇ.

ಗುಂಡುಗಳಿಗೆ ಇವೆರಡೂ ಸಾಲವು. ಹತ್ತಿಯಲ್ಲಿ ಗುಂಡೆದ್ದರೂ ಕೆಲವು ಒಗೆತಗಳಲ್ಲಿ ಅದಾಗಿಯೇ ಕಡಿದು ಬೀಳುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಆ ಗಟ್ಟಿ ಎಳೆ ಗುಂಡನ್ನು ಬಿಟ್ಟುಕೊಡುವುದಿಲ್ಲ. ಅಗ್ಗದ ಟಿ-ಶರ್ಟುಗಳ ಗೋಳೆಲ್ಲ ಇದೇ. ಬಟ್ಟೆಯನ್ನು ಹಲಗೆಯ ಮೇಲೆ ಬಿಗಿಯಾಗಿ ಹರಡಿ, ಹೊಸ ಬ್ಲೇಡಿನ ರೇಜರನ್ನು ಹಗುರಾಗಿ, ಬಟ್ಟೆಗೆ ಹೆಚ್ಚುಕಡಿಮೆ ಸಮತಟ್ಟಾಗಿ ಎಳೆಯಬೇಕು. ಹೊಲಿಗೆ, ಕಸೂತಿ, ಗುಂಡಿ ಇರುವಲ್ಲಿ ಬೇಡ. ಕೆಲವರು ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲು ಬಳಸುತ್ತಾರೆ. ದಪ್ಪ ಸ್ವೆಟರಿಗೆ ಅದು ಸರಿ, ತೆಳು ಬಟ್ಟೆಗೆ ತೂತು ಖಾತ್ರಿ. ಯಾವುದರಿಂದ ತೆಗೆದರೂ ಹೋಗುವುದು ಬಟ್ಟೆಯದೇ ಎಳೆ, ಅಂದರೆ ಪ್ರತಿ ಸಲ ಅಂಗಿ ಸ್ವಲ್ಪ ತೆಳ್ಳಗಾಗುತ್ತದೆ. ತಿಂಗಳಿಗೊಮ್ಮೆ ಮಾಡುವ ಕೆಲಸ ಇದಲ್ಲ.

ಹಾಗಾಗಿ ಒಗೆಯುವಾಗಲೇ ಎಚ್ಚರ ವಹಿಸುವುದು ಲಾಭ. ಹೊಸ ಟವೆಲ್ಲುಗಳನ್ನು ಮೊದಲ ಕೆಲವು ಸಲ ಬೇರೆಯಾಗಿಯೇ ಒಗೆಯಬೇಕು, ಅವುಗಳ ಕುಣಿಕೆಗಳು ಉದುರಿಸುವಷ್ಟು ಜುಂಗನ್ನು ಬೇರಾವ ಬಟ್ಟೆಯೂ ಉದುರಿಸದು. ಕಡುಬಣ್ಣದ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿದರೆ ತಿಕ್ಕಾಟ ಒಳಮೈಗೆ ಹೋಗುತ್ತದೆ. ಜೇಬಿನಲ್ಲಿ ಮರೆತ ಬಸ್ ಟಿಕೆಟ್ ಇಡೀ ಒಗೆತವನ್ನು ಕೆಡಿಸಬಲ್ಲದು. ಮಷಿನ್ ಇದ್ದವರು ಒಳಗಿನ ಜಾಲರಿ ಚೀಲವನ್ನು ಪ್ರತಿ ಒಗೆತದ ನಂತರ ಖಾಲಿ ಮಾಡಬೇಕು. ಅದು ತುಂಬಿದ್ದರೆ ಜುಂಗು ವಾಪಸ್ ಬಟ್ಟೆಗೇ ಬರುತ್ತದೆ.

ಜಮಖಂಡಿ, ಮುಧೋಳದ ಕಬ್ಬಿನ ಸೀಮೆಯವರಿಗೆ ಚಳಿಗಾಲದಲ್ಲಿ ಇನ್ನೊಂದು ಕಾಟವಿದೆ. ರವದಿ ಸುಟ್ಟ ಕರಿ ಬೂದಿ ಹಾರಿಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಜುಂಗೆಂದುಕೊಂಡು ಅದನ್ನು ಒದ್ದೆ ರಬ್ಬರಿನಿಂದ ಉಜ್ಜಿದರೆ ಮಸಿ ಬಳಿದಂತಾಗುತ್ತದೆ. ಮುಟ್ಟದೆ, ಬಟ್ಟೆ ಪೂರ್ತಿ ಒಣಗಿದ ಮೇಲೆ ಎರಡು ಸಲ ಜೋರಾಗಿ ಝಾಡಿಸಿದರೆ ಬಹುಪಾಲು ಉದುರುತ್ತದೆ.