ಉಳಿದ ಹೊತ್ತು ಯಾರದು?
(ಕಾಶಿಯ ಭೇಲೂಪುರದಲ್ಲಿ ಫೋಟೋ ಕೆಲಸಗಾರರ ಮುಂದೆ ಮಾಡಿದ ಭಾಷಣ)



ಹಗಲೆಲ್ಲ ಮದುವೆ ಮನೆಯಲ್ಲಿ ನಿಂತು ಫೋಟೋ ತೆಗೆದವರು ನೀವು. ನಡುರಾತ್ರಿ ಸ್ಟುಡಿಯೋದಲ್ಲಿ ಕಾರ್ಡು ಖಾಲಿಯಾಗಲೆಂದು ಕಾಯುವವರೂ ನೀವೇ. ಆ ಕಾಯುವಿಕೆಗೆ ಕೂಲಿ ಕೊಡುವವರು ಯಾರು?

ನಾನು ಹೋಟೆಲಿನವನು. ಒಳಗೆ ದೋಸೆ ಎಷ್ಟು ಬೇಗ ಎದ್ದರೇನು, ಸಪ್ಲೈಯರ್ ಒಬ್ಬನೇ ಇದ್ದರೆ ಗಿರಾಕಿ ಕಾಯಲೇಬೇಕು. ಕಾರ್ಡಿನ ಕಥೆಯೂ ಅದೇ. 2000ದಲ್ಲಿ ಬಂದ ಯುಎಸ್‌ಬಿ 2.0ರ ರೀಡರು ಸೆಕೆಂಡಿಗೆ ಸುಮಾರು 35 ಮೆಗಾಬೈಟು ಸಾಗಿಸುತ್ತದೆ. ತುಂಬಿದ 64 ಗಿಗಾಬೈಟಿನ ಕಾರ್ಡಿಗೆ ಅರ್ಧ ಗಂಟೆ ಬೇಕು. 90ರ ವೇಗದ ಅದೇ ಕಾರ್ಡನ್ನು ಯುಎಸ್‌ಬಿ 3.0ರ ರೀಡರಿಗೆ ಹಾಕಿದರೆ 12 ನಿಮಿಷ ಸಾಕು. ಯುಎಚ್‌ಎಸ್-2 ಕಾರ್ಡಿನ ಬೆನ್ನಿಗೆ ಲೋಹದ ಪಟ್ಟಿಗಳು ಎರಡು ಸಾಲು. ಅದಕ್ಕೆ ತಕ್ಕ ರೀಡರೂ ಎಸ್‌ಎಸ್‌ಡಿಯೂ ಇದ್ದು, 250ರ ವೇಗ ಸಿಕ್ಕರೆ ಐದು ನಿಮಿಷದೊಳಗೆ ಮುಗಿಯಿತು.

ಆದ್ದರಿಂದ ದುಬಾರಿ ಕಾರ್ಡು ಕೊಂಡು ಹಳೆಯ ರೀಡರಿಗೆ ಹಾಕಬೇಡಿ, ದುಡ್ಡು ದಂಡ. ಮೊದಲು ರೀಡರು ಬದಲಾಗಲಿ. ಅದು ಕೆಲಸದ ಉಪಕರಣ, ಅದರ ಖರ್ಚು ಮಾಲೀಕರದು.

ಇನ್ನೊಂದು ಮಾತು. ಉಳಿದ ಹೊತ್ತಿಗೆ ಮತ್ತೊಂದು ಕೆಲಸ ಹೊರಿಸಿದರೆ ಯಂತ್ರಕ್ಕೆ ವೇಗ ಬಂತು, ನಮಗೆ ನಿದ್ದೆ ಬರಲಿಲ್ಲ. ಆ ಹೊತ್ತು ನಮ್ಮ ಮನೆಮಂದಿಯದು. ಒಬ್ಬೊಬ್ಬರೇ ಗೊಣಗುವುದು ಬೇಡ, ಒಟ್ಟಾಗಿ ಕೇಳೋಣ.