ಒಬ್ಬಾಕೀನ ಹೋಗಿ ರಾಜಧಾನಿ ನೋಡಿ ಬಂದೆ

(ತಿಕೋಟಾದ ಕಲಿಕಾ ಕೇಂದ್ರದಲ್ಲಿ ಸ್ವಯಂಸೇವಕಿ ಶಿಕ್ಷಕಿಯೊಬ್ಬರು ಆಡಿದ ಮಾತು)



ಇವತ್ತು ಪಾಠ ಬ್ಯಾಡ. ಇವತ್ತು ಒಂದು ಪ್ರಯಾಣದ ಸುದ್ದಿ ಹೇಳ್ತೀನಿ. ಹೋದ ತಿಂಗಳು ಒಂದು ರವಿವಾರ ನಾನು ಒಬ್ಬಾಕೀನ ಹೋಗಿ ಒಂದು ರಾಜಧಾನಿ ನೋಡಿ ಬಂದೆ.

ಯಾವ ರಾಜಧಾನಿ? ಬೆಂಗಳೂರು ಅಲ್ಲ. ದಿಲ್ಲಿ ಅಲ್ಲ. ನಮ್ಮ ವಿಜಯಪುರ!

ನಗಬ್ಯಾಡ್ರಿ. ವಿಜಯಪುರ ಸುಮಾರು 200 ವರ್ಷ ರಾಜಧಾನಿ ಆಗಿತ್ತು. 1490ರ ಸುಮಾರಿಗೆ ಯೂಸುಫ್ ಆದಿಲ್ ಖಾನ್ ಇಲ್ಲಿ ತನ್ನ ರಾಜ್ಯ ಕಟ್ಟಿದ. ಅವನ ಮನೆತನಕ್ಕೆ ಆದಿಲ್ ಶಾಹಿ ಅಂತ ಹೆಸರು. 1686ರಲ್ಲಿ ಔರಂಗಜೇಬ ಬಂದು ಊರನ್ನು ಗೆದ್ದುಕೊಂಡ. ಅಲ್ಲಿಯವರೆಗೆ ಇದು ರಾಜರ ಊರು.

“ಟೀಚರ್, ನಾವು ವಿಜಯಪುರ ನೋಡಿಲ್ಲೇನು?” ಅಂತ ನೀವು ಕೇಳಬಹುದು. ನೋಡೀರಿ. ದವಾಖಾನೆ ನೋಡೀರಿ. ಕಚೇರಿ ನೋಡೀರಿ. ಬಜಾರ ನೋಡೀರಿ. ಆದರೆ ಗಂಡನ ಹಿಂದೆ, ಇಲ್ಲಾ ಮಗನ ಹಿಂದೆ ನಡೆದೀರಿ. ಕೆಲಸ ಮುಗಿದ ಕೂಡಲೇ ಬಸ್ ಹತ್ತೀರಿ. ತಲೆ ಎತ್ತಿ ಊರು ನೋಡೀರೇನು?

ನಮ್ಮ ಅವ್ವ ಬಬಲೇಶ್ವರದಾಕಿ. ಆಕಿಗೆ ಓದು ಬರ್ತಿರಲಿಲ್ಲ. ನಾನು ಸಣ್ಣಾಕಿ ಇದ್ದಾಗ ಒಮ್ಮೆ ತಂಗಿಯ ಮನೆಗೆ ಒಬ್ಬಾಕೀನ ಹೊರಟಳು. ಬೋರ್ಡು ಓದಲು ಬರಲಿಲ್ಲ. ಯಾರನ್ನಾದರೂ ಕೇಳಲು ನಾಚಿಕೆ. ಬೇರೆ ಬಸ್ ಹತ್ತಿದಳು. ಹೊತ್ತು ಮುಳುಗುವಾಗ ಗುರುತಿಲ್ಲದ ಊರಿನಲ್ಲಿ ಇಳಿದಳು. ಅಲ್ಲಿ ಯಾರೋ “ಇಷ್ಟು ದೊಡ್ಡಾಕಿ ಆಗಿ ಬೋರ್ಡು ಓದಾಕ ಬರೂದಿಲ್ಲೇನು?” ಅಂತ ನಕ್ಕರಂತೆ. ಅಂದಿನಿಂದ ಅವ್ವ ಒಬ್ಬಾಕೀನ ಊರ ಅಗಸಿ ದಾಟಲಿಲ್ಲ.

ದವಾಖಾನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಗೋಳಗುಮ್ಮಟ ಕಾಣತಿತ್ತು. “ಒಮ್ಮೆ ಒಳಗ ಹೋಗಿ ನೋಡಬೇಕಲ್ಲ” ಅಂತಿದ್ದಳು. “ಮುಂದಿನ ಸಲ” ಅಂತ ನಾವು ಹೇಳತಿದ್ದೆವು. ಮುಂದಿನ ಸಲ ಬರಲೇ ಇಲ್ಲ. ಅವ್ವ ತೀರಿಕೊಂಡಳು.

ನನ್ನ ಕಥೆ ಏನು ಬೇರೆ? ನಾನು ಶಿಕ್ಷಕರ ತರಬೇತಿ ಮುಗಿಸಿದಾಕಿ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರಕೊಂಡು ಹೋಗೀನಿ. ಅಲ್ಲಿ ಮಕ್ಕಳ ತಲೆ ಎಣಿಸಿದ್ದೇ ಬಂತು. ಗುಮ್ಮಟ ನೋಡಲಿಲ್ಲ. ಅದಕ್ಕೇ ಈ ಸಲ ಒಬ್ಬಾಕೀನ ಹೊರಟೆ. ಮನೆಯಲ್ಲಿ “ಜೊತೆಗೆ ಯಾರು?” ಅಂತ ಕೇಳಿದರು. “ಯಾರೂ ಇಲ್ಲ” ಅಂದೆ. ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ, ನೀರು, ಆಧಾರ ಕಾರ್ಡು, ನೋಟುಬುಕ್ಕು, ಪೆನ್ನು ಹಾಕಿಕೊಂಡೆ. ಕೈಯಲ್ಲಿ 200 ರೂಪಾಯಿ.

ತಿಕೋಟಾದಿಂದ ವಿಜಯಪುರ ಸುಮಾರು 20 ಕಿಲೋಮೀಟರ್. ಬಸ್ಸಿಗೆ ದುಡ್ಡು ಕೊಡಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕಂಡಕ್ಟರ್ ಕಾರ್ಡು ನೋಡಿ ಶೂನ್ಯ ಟಿಕೆಟ್ ಹರಿದು ಕೊಟ್ಟರು.

ದಾರಿಯಲ್ಲಿ ತೊರವಿ ಬಂತು. ಅಲ್ಲಿ ದೊಡ್ಡ ಬೋರ್ಡು: ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಒತ್ತಕ್ಷರ ನೋಡಿ ಹೆದರಬ್ಯಾಡ್ರಿ. ಮುರಿದು ಓದ್ರಿ. ವಿಶ್ವ, ವಿದ್ಯಾ, ಆಲಯ. ಹೆಣ್ಣುಮಕ್ಕಳಿಗಾಗಿ 2003ರಲ್ಲಿ ಶುರುವಾದ ದೊಡ್ಡ ಶಾಲೆ ಅದು. ನೀವು ಎಷ್ಟು ಸಲ ಅದರ ಮುಂದೆ ಹಾದು ಹೋಗೀರಿ! ಈಗ ಅದರ ಹೆಸರು ನೀವೇ ಓದಬಹುದು.

ವಿಜಯಪುರದ ಬಸ್ ನಿಲ್ದಾಣದಲ್ಲಿ ನಾನೊಂದು ತಪ್ಪು ಮಾಡಿದೆ. ಅವಸರದಲ್ಲಿ ಬೋರ್ಡು ಓದಲಿಲ್ಲ. “ಗೋಳಗುಮ್ಮಟಕ್ಕ ಯಾವ ಬಸ್?” ಅಂತ ಒಬ್ಬರನ್ನು ಕೇಳಿದೆ. ಅವರು ಮುಖ ಎತ್ತದೆ ಕೈ ತೋರಿಸಿದರು. ಹತ್ತಿ ಕುಂತೆ. ಸ್ವಲ್ಪ ದೂರ ಹೋದ ಮೇಲೆ ಕಂಡಕ್ಟರ್ “ಇದು ಆ ಕಡೆ ಹೋಗೂದಿಲ್ರಿ ಅಕ್ಕಾರ” ಅಂದರು. ಇಳಿದು ಹಿಂದಕ್ಕೆ ನಡೆದೆ. ಅಕ್ಷರ ಬಂದರೆ ಸಾಲದು ನೋಡ್ರಿ. ಅದನ್ನು ಬಳಸಬೇಕು. ಮೊದಲು ಓದ್ರಿ. ಆಮೇಲೆ ಕೇಳ್ರಿ.

ಗೋಳಗುಮ್ಮಟ ಊರಿನ ಮೂಡಣ ಕಡೆ, ರೈಲ್ವೆ ಸ್ಟೇಷನ್ ಹತ್ತಿರ. ಅದು ಮೊಹಮ್ಮದ್ ಆದಿಲ್ ಶಾಹನ ಗೋರಿ. ಆತ 1627ರಿಂದ 1656ರವರೆಗೆ ಆಳಿದ. ಚೀಟಿಗೆ 25 ರೂಪಾಯಿ ಕೊಟ್ಟೆ. ದರ ಬದಲಾಗಿರಬಹುದು. ಕಿಟಕಿಯ ಹತ್ತಿರ ಬರೆದಿರುತ್ತದೆ. ಓದಿಕೊಂಡು ಹಣ ಕೊಡ್ರಿ.

ಒಳಗೆ ಹೋದೆ. ಅಷ್ಟು ದೊಡ್ಡ ಜಾಗ. ನಡುವೆ ಒಂದು ಕಂಬವೂ ಇಲ್ಲ! ಮೇಲಿನ ಭಾರ ಹೇಗೆ ನಿಂತದ? ನೀವು ರಂಗೋಲಿ ಹಾಕುವಾಗ ಒಂದು ಚೌಕದ ಮೇಲೆ ಇನ್ನೊಂದು ಚೌಕ ಓರೆಯಾಗಿ ಹಾಕ್ತೀರಿ. ಎಂಟು ಮೂಲೆಯ ನಕ್ಷತ್ರ ಆಗ್ತದ. ಹಾಗೆಯೇ ಅಲ್ಲಿ ಎಂಟು ಕಮಾನುಗಳು ಒಂದರೊಳಗೊಂದು ಹಾದು ಹೋಗ್ಯಾವ. ಅವು ಗುಮ್ಮಟದ ಭಾರ ಹೊತ್ತು ಗೋಡೆಗೆ ಇಳಿಸ್ತಾವ. ನೀವು ಅಂಗಳದಲ್ಲಿ ಹಾಕುವ ಲೆಕ್ಕವೇ ಅಲ್ಲಿ ಕಲ್ಲಿನಲ್ಲಿದೆ.

ನಾಲ್ಕು ಮೂಲೆಗೆ ನಾಲ್ಕು ಮಿನಾರು. ಒಂದೊಂದಕ್ಕೆ ಏಳು ಅಂತಸ್ತು. ಮೆಟ್ಟಿಲು ಇಕ್ಕಟ್ಟು, ಎತ್ತರ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಿಧಾನ ಹತ್ತಿದೆ. ಮೇಲೆ ಗುಮ್ಮಟದ ಒಳಗೆ ಸುತ್ತಲೂ ಒಂದು ಮೊಗಸಾಲೆ ಐತಿ. ಈ ಕಡೆ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಆ ಕಡೆ ಕಿವಿಗೆ ಕೇಳಸ್ತದ. ಅಗಲ 120 ಅಡಿಗಿಂತ ಹೆಚ್ಚು! ಒಮ್ಮೆ ಕೂಗಿದರೆ ಮತ್ತ ಮತ್ತ ಮರುದನಿ ಬರ್ತದ.

ನಾನು ನನ್ನ ಹೆಸರು ಕೂಗಿದೆ. ಗುಮ್ಮಟ ತಿರುಗಿ ತಿರುಗಿ ನನ್ನ ಹೆಸರು ಹೇಳಿತು. ನಮ್ಮನ್ನು ಯಾರು ಹೆಸರು ಹಿಡಿದು ಕರೀತಾರ, ಹೇಳ್ರಿ? ಅವನ ತಾಯಿ, ಇವರ ಮನೆಯಾಕಿ, ಆ ಮನೆಯ ಸೊಸೆ. ನೀವು ಮೊದಲ ಸಲ ನಿಮ್ಮ ಹೆಸರು ಬರೆದ ದಿನ ನನಗೆ ನೆನಪಾಯಿತು. ಒಬ್ಬ ತಾಯಿ ಪಾಟಿಯನ್ನು ಒರೆಸಲು ಬಿಡಲಿಲ್ಲ. ಹಾಗೇ ಮನೆಗೆ ಒಯ್ದಿದ್ದರು.

ಕೆಳಗೆ ಇಳಿದು ಬಂದಾಗ ಗೇಟಿನ ಹೊರಗೆ ಒಬ್ಬ ಹೊರದೇಶದ ಹೆಣ್ಣುಮಗಳು ನಿಂತಿದ್ದಳು. ಬೆನ್ನಿಗೆ ಚೀಲ. ಜೊತೆಗೆ ಯಾರೂ ಇಲ್ಲ. ನನಗೆ ಬರುವ ನಾಕು ಇಂಗ್ಲಿಷ್ ಮಾತಿನಲ್ಲಿ ಕೇಳಿದೆ. ಊರು ಲಂಡನ್ ಅಂದಳು. ಇಂಗ್ಲೆಂಡಿನ ರಾಜಧಾನಿ! ಅಲ್ಲಿಂದ ಒಬ್ಬಾಕೀನ ಬಂದಾಳ. ಕಡಿಮೆ ಖರ್ಚಿನಲ್ಲಿ ಊರೂರು ನೋಡತಾಳ.

ಆಕಿ ಇಬ್ರಾಹಿಂ ರೋಜಾಕ್ಕೆ ಹೋಗಬೇಕಿತ್ತು. ಬಸ್ಸಿನ ಬೋರ್ಡು ಕನ್ನಡದಲ್ಲಿತ್ತು. ಆಕಿ ಅದನ್ನೇ ನೋಡಿ ನಿಂತಳು. ಆಮೇಲೆ ನಗತಾ, “ನನಗ ಓದಾಕ ಬರೂದಿಲ್ಲ, ಓದಿ ಹೇಳ್ರಿ” ಅನ್ನುವ ಹಾಗೆ ಕೈಮಾಡಿದಳು.

ಅಕ್ಕಂದಿರೇ, ಆಗ ನನ್ನ ಕಣ್ಣಲ್ಲಿ ನೀರು ಬಂತು. ಆಕಿ ಕಲಿತಾಕಿ. ದೇಶ ದೇಶ ತಿರುಗಿದಾಕಿ. ನಮ್ಮ ಊರಿನಲ್ಲಿ ಆಕಿಗೂ ಅಕ್ಷರ ಬರೂದಿಲ್ಲ. ಆದರೆ ಆಕಿಗೆ ನಾಚಿಕೆ ಇರಲಿಲ್ಲ. ಯಾರೂ ಆಕಿಗೆ ನಗಲಿಲ್ಲ. ನಮ್ಮ ಅವ್ವನೂ ಹೀಗೇ ನಿಂತಿದ್ದಳು. ಅವ್ವನಿಗೆ ಯಾಕೆ ನಕ್ಕರು? ಅಕ್ಷರ ಬರದಿರುವುದು ತಪ್ಪಲ್ಲ. ಕಲಿಸದೆ ಬಿಟ್ಟು ಆಮೇಲೆ ನಗುವುದು ತಪ್ಪು.

ಬೋರ್ಡು ಓದಿ ಹೇಳಿದೆ. ಇಬ್ಬರೂ ಕೂಡಿ ಬಸ್ ಹತ್ತಿದೆವು. ಆಕಿಗೆ ದುಡ್ಡಿನ ಟಿಕೆಟ್, ನನಗೆ ಶೂನ್ಯ ಟಿಕೆಟ್! ಆಕಿಗೆ ಒಂದು ಮಾತು ಹೇಳಿದೆ. ಲಂಡನ್ನಿನ ಹೆಸರಾದ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟಕ್ಕಿಂತ ನಮ್ಮ ಗುಮ್ಮಟದ ಅಗಲ ಹೆಚ್ಚು. ಇನ್ನೊಂದೂ ಹೇಳಿದೆ. ನಮ್ಮ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರ ಮೂರ್ತಿ ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲಿದೆ. 2015ರ ನವೆಂಬರ್ 14ರಂದು ಅದನ್ನು ಅನಾವರಣ ಮಾಡಿದರು. ಆಕಿ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಊರಿಗೆ ಹೋದ ಮೇಲೆ ನೋಡತೀನಿ ಅಂದಳು. ನೋಡ್ರಿ, ಮನೆಯ ಹತ್ತಿರದ್ದು ಆಕಿಯೂ ನೋಡಿರಲಿಲ್ಲ!

ಇಬ್ರಾಹಿಂ ರೋಜಾ ಊರಿನ ಪಡುವಣ ಕಡೆ ಐತಿ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಮತ್ತು ಅವನ ರಾಣಿ ತಾಜ್ ಸುಲ್ತಾನಾ ಅಲ್ಲಿ ಮಲಗಿದ್ದಾರೆ. ಗೋಡೆಯ ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಳಿಗೆಯಂತೆ ಕೊರೆದಿದ್ದಾರೆ. ಈ ಇಬ್ರಾಹಿಂ 1580ರಲ್ಲಿ ಪಟ್ಟಕ್ಕೆ ಬಂದಾಗ ಸಣ್ಣ ಹುಡುಗ. ಆಗ ರಾಜ್ಯದ ಕಾರಭಾರ ನೋಡಿದವಳು ಒಬ್ಬ ಹೆಣ್ಣುಮಗಳು, ಚಾಂದ್ ಬೀಬಿ. ಮುಂದೆ ಆಕಿ ಅಹಮದನಗರದ ಕೋಟೆಯನ್ನು ಮೊಗಲರ ದಂಡಿನಿಂದ ಕಾಪಾಡಿದಳು. ವಿಜಯಪುರದ ಚಾಂದ್ ಬಾವಡಿಗೆ ಅವಳದೇ ಹೆಸರು. ತಾಜ್ ಬಾವಡಿಗೆ ತಾಜ್ ಸುಲ್ತಾನಾಳ ಹೆಸರು. ರಾಜಧಾನಿಗೆ ನೀರು ಕೊಟ್ಟ ಬಾವಿಗಳಿಗೆ ಹೆಣ್ಣುಮಕ್ಕಳ ಹೆಸರು!

ಅಲ್ಲೇ ನೆರಳಲ್ಲಿ ಕುಂತು ರೊಟ್ಟಿ ಹಂಚಿಕೊಂಡು ತಿಂದೆವು. ಚಟ್ನಿ ಖಾರಕ್ಕೆ ಆಕಿ ಎರಡು ಬಾಟಲಿ ನೀರು ಕುಡಿದಳು. ಆಮೇಲೆ ಆಕಿ ಆಕಿಯ ದಾರಿ ಹಿಡಿದಳು. ನಾನು ನನ್ನ ದಾರಿ ಹಿಡಿದೆ. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ.

ನನ್ನ ಖರ್ಚು ಕೇಳ್ರಿ. ಬಸ್ಸಿಗೆ ಏನೂ ಇಲ್ಲ. ಎರಡು ಚೀಟಿಗೆ 50 ರೂಪಾಯಿ. ಚಹಾಕ್ಕೆ 20. ಬಾಳೆಹಣ್ಣಿಗೆ 30. ಒಟ್ಟು 100 ರೂಪಾಯಿ. ಉಳಿದದ್ದು 100. ನೋಟುಬುಕ್ಕಿನಲ್ಲಿ ಬರೆದಿಟ್ಟೀನಿ.

ಈಗ ನಿಮ್ಮ ಪಾಳಿ. ಒಬ್ಬರೇ ಹೋಗಲು ಅಂಜಿಕೆ ಆದರೆ ಮೊದಲ ಸಲ ಇಬ್ಬರು ಹೋಗ್ರಿ. ಎಲ್ಲಿಗೆ ಹೊರಟಿರಿ ಅಂತ ಮನೆಯಲ್ಲಿ ಹೇಳ್ರಿ. ಕಾರ್ಡು ಇಟ್ಟುಕೊಳ್ರಿ. ಮನೆಯವರ ಫೋನ್ ನಂಬರು ಒಂದು ಚೀಟಿಯಲ್ಲಿ ಬರೆದುಕೊಳ್ರಿ. ತಿರುಗಿ ಬರುವ ಬಸ್ಸಿನ ಹೊತ್ತು ಕೇಳಿಕೊಂಡು ಬರೆದುಕೊಳ್ರಿ. ಹೊತ್ತು ಮುಳುಗುವ ಮೊದಲು ಹೊರಡ್ರಿ.

ಗುಮ್ಮಟದ ಮೇಲೆ ನಿಂತು ನಿಮ್ಮ ಹೆಸರು ಗಟ್ಟಿಯಾಗಿ ಕೂಗ್ರಿ. ಬಂದ ಮೇಲೆ ನೋಡಿದ್ದನ್ನು ನಾಕು ಸಾಲು ಬರೀರಿ. ಮುಂದಿನ ವಾರ ಇಲ್ಲಿ ನಿಂತು ನೀವು ಓದಬೇಕು. ನಾನು ಅಲ್ಲಿ ನಿಮ್ಮ ಜಾಗದಲ್ಲಿ ಕುಂತು ಕೇಳ್ತೀನಿ.