ನುಡಿಗೆ ಹಾಕಿದ ಬೀಗ



ನಾನು ಇದೇ ಶಾಲೆಯಲ್ಲಿ ಅಕ್ಷರ ತಿದ್ದಿ ಬೆಳೆದವನು. ಸುವರ್ಣ ಮಹೋತ್ಸವದಲ್ಲಿ ನಾಲ್ಕು ಮಾತು ಆಡಲು ಕರೆದಿದ್ದಕ್ಕೆ ಋಣಿ. ಶಾಲೆ ನಮಗೆ ಕೊಟ್ಟ ಆಸ್ತಿ ಓದು ಮತ್ತು ಬರಹ. ಈ ಆಸ್ತಿಗೆ ಆಳುವವರು ಏಕೆ ಅಂಜುತ್ತಾರೆ ಎಂಬುದನ್ನೇ ಇಂದು ಹೇಳುತ್ತೇನೆ.

ಕಮಲಾಪುರದಿಂದ ಕಲಬುರಗಿಗೆ ಹೋದಾಗ ಐವಾನ್-ಎ-ಶಾಹಿಯನ್ನು ನೀವು ನೋಡಿರುತ್ತೀರಿ. ನಿಜಾಮರು ಬಂದಾಗ ಇಳಿದುಕೊಳ್ಳುತ್ತಿದ್ದ ಆ ಅರಮನೆ ಇಂದು ಸರ್ಕಾರಿ ಅತಿಥಿಗೃಹ. ಆ ಕಾಲದಲ್ಲಿ ನಮ್ಮ ಹಿರಿಯರು ಒಂದು ಸಭೆ ಸೇರಬೇಕೆಂದರೂ ಮುಂಚೆಯೇ ಅಪ್ಪಣೆ ಪಡೆಯಬೇಕಿತ್ತು. ಅದಕ್ಕೆಂದೇ 'ಗಶ್ತಿ 53' ಎಂಬ ಸುತ್ತೋಲೆ ಇತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ, 1938ರಲ್ಲಿ, ಅದನ್ನು ನಿಷೇಧಿಸಿದರು.

ಬಾಗಿಲು ಮುಚ್ಚಿದರೆ ಮಂದಿ ಕಿಟಕಿ ಹುಡುಕುತ್ತಾರೆ. ರಾಜಕೀಯ ಮಾತಾಡಲು ಬಿಡದಿದ್ದಾಗ ಸಾಹಿತ್ಯದ ಹೆಸರಿನಲ್ಲಿ, ನುಡಿಯ ಹೆಸರಿನಲ್ಲಿ ಸೇರಿದರು. 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು. ನಮ್ಮ ಭಾಗದ ಜನ ತಮ್ಮ ನುಡಿಯಲ್ಲಿ ಬಹಿರಂಗವಾಗಿ ಮಾತಾಡಲು ಸಿಕ್ಕ ಅಪರೂಪದ ವೇದಿಕೆಗಳು ಅವು.

ಆದರೆ ಇದು ಉರ್ದು ಮತ್ತು ಕನ್ನಡದ ಜಗಳ ಎಂದು ತಿಳಿಯಬೇಡಿ. ಹೈದರಾಬಾದಿನ ಶೋಯೆಬುಲ್ಲಾ ಖಾನ್ ಬರೆದದ್ದು ಉರ್ದುವಿನಲ್ಲೇ. ಅವರು ದುಡಿಯುತ್ತಿದ್ದ 'ರಯ್ಯತ್' ಪತ್ರಿಕೆಯನ್ನು ಸರ್ಕಾರ ಮುಚ್ಚಿಸಿದಾಗ, 'ಇಮ್ರೋಜ್' ಎಂಬ ತಮ್ಮದೇ ಪತ್ರಿಕೆ ತೆಗೆದರು. ರಜಾಕಾರರ ಹಾವಳಿಯನ್ನು ಖಂಡಿಸಿದರು. ಸಂಸ್ಥಾನ ಭಾರತದೊಂದಿಗೆ ಸೇರಬೇಕೆಂದು ಬರೆದರು. 1948ರ ಆಗಸ್ಟ್‌ನಲ್ಲಿ ಒಂದು ರಾತ್ರಿ, ಮನೆಗೆ ಮರಳುವಾಗ ಅವರನ್ನು ಕೊಂದರು. ಬರೆಯುವ ಕೈಯನ್ನೇ ಕಡಿದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಒಂದು ತಿಂಗಳೊಳಗೆ, ಸೆಪ್ಟೆಂಬರ್ 17ಕ್ಕೆ, ನಮ್ಮ ನಾಡು ವಿಮೋಚನೆಗೊಂಡಿತು.

ಅವರ ಕೈಯನ್ನೇ ಏಕೆ ಕಡಿದರು? ಪರದೇಶದವನು ಬೈದರೆ ವೈರಿಯ ಮಾತೆಂದು ತಳ್ಳಿಹಾಕಬಹುದು. ನಮ್ಮವನೇ, ನಮ್ಮದೇ ನುಡಿಯಲ್ಲಿ, ನಮ್ಮ ಮಂದಿಗೇ ನಿಜ ಹೇಳಿದರೆ ಅದನ್ನು ತಳ್ಳಿಹಾಕಲು ಬರುವುದಿಲ್ಲ.

ಇಂದಿನ ಚೀನಾದಲ್ಲೂ ಇದೇ ನಡೆದಿದೆ. ವುಹಾನ್ ನಗರದ ವೈದ್ಯ ಲಿ ವೆನ್‌ಲಿಯಾಂಗ್ 2019ರ ಡಿಸೆಂಬರ್ 30ರಂದು ಹೊಸ ಕಾಯಿಲೆಯ ಬಗ್ಗೆ ತಮ್ಮ ವೈದ್ಯ ಗೆಳೆಯರನ್ನು ಮೊಬೈಲಿನಲ್ಲಿ ಎಚ್ಚರಿಸಿದರು. ಸುಳ್ಳು ಹಬ್ಬಿಸಿದಿರಿ ಎಂದು ಪೊಲೀಸರು ಕರೆಸಿ ಸಹಿ ಹಾಕಿಸಿಕೊಂಡರು. 2020ರ ಫೆಬ್ರವರಿ 7ರಂದು ಅದೇ ಕಾಯಿಲೆಯಿಂದ ಅವರು ತೀರಿಕೊಂಡರು. ಮರುತಿಂಗಳು ವುಹಾನಿನ ಇನ್ನೊಬ್ಬ ವೈದ್ಯೆ ಐ ಫೆನ್ ಅವರ ಸಂದರ್ಶನ ಪತ್ರಿಕೆಯೊಂದರಲ್ಲಿ ಬಂತು. ಅದನ್ನು ಅಳಿಸಿಹಾಕಿದಾಗ ಜನ ಸುಮ್ಮನಿರಲಿಲ್ಲ. ಅಕ್ಷರಗಳನ್ನು ಹಿಂದುಮುಂದಾಗಿ ಬರೆದರು, ತಂತಿ ಸಂದೇಶದ ಚುಕ್ಕೆ-ಗೆರೆಗಳಲ್ಲಿ ಬರೆದರು, ಸಾವಿರಾರು ವರ್ಷ ಹಳೆಯ ಎಲುಬಿನ ಲಿಪಿಯಲ್ಲೂ ಬರೆದರು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಮೂಡುತ್ತಿತ್ತು.

ಅವರನ್ನು ನೋಡಿ ನಾವು ಬೀಗಬೇಕಾಗಿಲ್ಲ. 1975ರ ತುರ್ತು ಪರಿಸ್ಥಿತಿಯಲ್ಲಿ ನಮ್ಮ ಪತ್ರಿಕೆಗಳೂ ಅಚ್ಚಿಗೆ ಮುಂಚೆ ಸರ್ಕಾರದ ಅಪ್ಪಣೆಗೆ ಕಾಯಬೇಕಾಯಿತು. ಸಂವಿಧಾನದ 19ನೆಯ ವಿಧಿ ಮಾತಿನ ಹಕ್ಕು ಕೊಟ್ಟಿದೆ. ಆದರೆ ಆಡದ ಬಾಯಿಗೆ ಹಕ್ಕು ಇದ್ದೂ ಇಲ್ಲದಂತೆ. ಹಾಗೆಂದು ಕೈಗೆ ಬಂದ ಸುಳ್ಳನ್ನೆಲ್ಲ ಮುಂದಕ್ಕೆ ಕಳಿಸುವುದು ಸ್ವಾತಂತ್ರ್ಯವಲ್ಲ. ಶೋಯೆಬುಲ್ಲಾ ಖಾನ್, ಲಿ ವೆನ್‌ಲಿಯಾಂಗ್ ಇಬ್ಬರೂ ತಾವು ಕಂಡದ್ದನ್ನು ಹೇಳಿದರು.

ಆದ್ದರಿಂದ ಗುರುಗಳಲ್ಲಿ ಒಂದು ಬಿನ್ನಹ. ಶಾಲೆಯಲ್ಲಿ ಒಂದು ಗೋಡೆಪತ್ರಿಕೆ ಇರಲಿ. ಮಕ್ಕಳು ತಾವು ಕಂಡದ್ದನ್ನು ತಮ್ಮ ಮಾತಿನಲ್ಲಿ ಬರೆಯಲಿ. ಬಿಸಿಯೂಟದ ಸಾರು ನೀರಾಗಿದೆ ಎಂದು ಒಂದು ಮಗು ಬರೆದರೆ ಹಾಳೆ ಹರಿಯಬೇಡಿ, ಸಾರು ಸರಿಪಡಿಸಿ. ಊರಿನ ಹಿರಿಯರೂ ಆಗಾಗ ಬಂದು ಅದನ್ನು ಓದಲಿ. ತನ್ನ ಮಾತಿಗೆ ಬೆಲೆಯಿದೆ ಎಂದು ಹದಿಮೂರನೆಯ ವಯಸ್ಸಿಗೇ ತಿಳಿದ ಮಗುವಿನ ಬಾಯಿಗೆ ಮುಂದೆ ಯಾರೂ ಬೀಗ ಹಾಕಲಾರರು.